ಕಳ್ಳ ಸಿಕ್ಕ ಮೇಲೂ ಸಮಾಧಾನ ಯಾಕಿಲ್ಲ? ‘ದಿ ರಾಂಗ್ ಮ್ಯಾನ್’ ಬಗ್ಗೆ ಒಂದು ಉತ್ತರ

ಪ್ರಶ್ನೆ: ಹಿಚ್‌ಕಾಕ್‌ನ ಹಳೆಯ ಕಪ್ಪು-ಬಿಳುಪು ಸಿನಿಮಾ ‘ದಿ ರಾಂಗ್ ಮ್ಯಾನ್’ (1956) ನೋಡಿದೆ. ಒಳ್ಳೆಯ ‘ಫಿಲ್ಮ್ ನಾಯರ್’, ಅಂದರೆ ಅಪರಾಧದ ಕರಾಳ ಸಿನಿಮಾ, ಅಂತ ಗೆಳೆಯರೊಬ್ಬರು ಹೇಳಿದ್ದರು. ಆದರೆ ಇದರಲ್ಲಿ ಕೊಲೆ ಇಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ, ಮೋಸ ಮಾಡುವ ಸುಂದರಿಯೂ ಇಲ್ಲ. ಒಬ್ಬ ಪಾಪದ ಮನುಷ್ಯನನ್ನು ಪೊಲೀಸರು ಕರೆದುಕೊಂಡು ಹೋಗುತ್ತಾರೆ, ಅಷ್ಟೇ. ಕೊನೆಗೆ ನಿಜವಾದ ಕಳ್ಳನೂ ಸಿಗುತ್ತಾನೆ. ಆದರೂ ಎರಡು ದಿನ ನನ್ನ ಮನಸ್ಸು ಭಾರವಾಗಿತ್ತು. ಇದು ನಾಯರ್ ಹೇಗಾಯಿತು? ಕಥೆ ನಿಜವಾಗಿಯೂ ನಡೆದದ್ದಾ? ಪ್ರಾರ್ಥನೆ ಮಾಡಿದ ಕೂಡಲೇ ಕಳ್ಳ ಸಿಗುವುದನ್ನು ಪವಾಡ ಅಂತ ತಿಳಿಯಬೇಕಾ?

ಉತ್ತರ: ಮೊದಲು ‘ನಿಜವಾಗಿಯೂ ನಡೆದದ್ದಾ’ ಅನ್ನುವುದನ್ನು ನೋಡೋಣ. ಉಳಿದ ಎರಡು ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಹೌದು, ನಡೆದದ್ದೇ. ಕ್ರಿಸ್ಟೋಫರ್ ಇಮ್ಯಾನ್ಯುಯೆಲ್ ಬ್ಯಾಲೆಸ್ಟ್ರೆರೊ ಎಂಬ ಸಂಗೀತಗಾರ ನ್ಯೂಯಾರ್ಕಿನಲ್ಲಿದ್ದ. ಎಲ್ಲರೂ ಅವನನ್ನು ಮ್ಯಾನಿ ಅಂತ ಕರೆಯುತ್ತಿದ್ದರು. ಮ್ಯಾನ್‌ಹಟನ್‌ನ ಸ್ಟಾರ್ಕ್ ಕ್ಲಬ್‌ನಲ್ಲಿ ದೊಡ್ಡ ಬೇಸ್ ವಾದ್ಯ ನುಡಿಸುವುದು ಅವನ ಕೆಲಸ. ವಾರಕ್ಕೆ 85 ಡಾಲರ್ ಸಂಬಳ. ಶ್ರೀಮಂತರು, ಸಿನಿಮಾ ತಾರೆಯರು ಬಂದು ಕುಣಿದು ಹೋಗುವ ಕ್ಲಬ್ ಅದು. ಅಲ್ಲಿ ರಾತ್ರಿಯಿಡೀ ನುಡಿಸಿ, ಬೆಳಗಿನ ಜಾವ ಸಬ್‌ವೇ ರೈಲು ಹಿಡಿದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿದ್ದ ಮನೆಗೆ ಬರುತ್ತಿದ್ದ. ಹೆಂಡತಿ ರೋಸ್, ಇಬ್ಬರು ಗಂಡುಮಕ್ಕಳು. ಕೈಸಾಲ ಮಾಡಿಕೊಂಡು, ತೀರಿಸಿಕೊಂಡು ಹೇಗೋ ನಡೆಯುತ್ತಿದ್ದ ಸಂಸಾರ.

ರೋಸ್‌ಗೆ ಹಲ್ಲುನೋವು ಬಂತು. ದವಡೆ ಹಲ್ಲು ಕೀಳಿಸಬೇಕು, 300 ಡಾಲರ್ ಬೇಕು. ಅಂದರೆ ಮೂರೂವರೆ ವಾರದ ಸಂಬಳ. ಹೆಂಡತಿಯ ಇನ್ಶೂರೆನ್ಸ್ ಪಾಲಿಸಿ ಮೇಲೆ ಎಷ್ಟು ಸಾಲ ಸಿಗುತ್ತದೆ ಅಂತ ಕೇಳಲು ಮ್ಯಾನಿ 1953ರ ಜನವರಿಯಲ್ಲಿ ವಿಮಾ ಕಚೇರಿಗೆ ಹೋದ. ಅದೇ ಕಚೇರಿಯಲ್ಲಿ ಹಿಂದಿನ ವರ್ಷ ಒಬ್ಬ ಮನುಷ್ಯ ಎರಡು ಸಲ ಚೀಟಿ ತೋರಿಸಿ, ಪಿಸ್ತೂಲು ಇದೆ ಅಂತ ಹೆದರಿಸಿ ದುಡ್ಡು ಕಿತ್ತುಕೊಂಡು ಹೋಗಿದ್ದ. ಎರಡೂ ಸೇರಿ 271 ಡಾಲರ್. ಕೌಂಟರಿನಲ್ಲಿದ್ದ ಹೆಂಗಸರಿಗೆ ಮ್ಯಾನಿಯನ್ನು ನೋಡಿದ ಕೂಡಲೇ ಅದೇ ಮನುಷ್ಯ ಮತ್ತೆ ಬಂದ ಅನ್ನಿಸಿತು. ಜನವರಿ 14ರ ಸಂಜೆ, ಮನೆ ಬಾಗಿಲ ಹತ್ತಿರ ಬಂದಿದ್ದ ಮ್ಯಾನಿಯನ್ನು ಪೊಲೀಸರು ಕರೆದುಕೊಂಡು ಹೋದರು.

ಆ ವರ್ಷವೇ ‘ಲೈಫ್’ ಪತ್ರಿಕೆಯಲ್ಲಿ ಹರ್ಬರ್ಟ್ ಬ್ರೀನ್ ಈ ಪ್ರಕರಣದ ಬಗ್ಗೆ ವಿವರವಾಗಿ ಬರೆದ. ಹಿಚ್‌ಕಾಕ್‌ನ ಸಿನಿಮಾಕ್ಕೆ ಅದೇ ಬೇರು. ಚಿತ್ರಕಥೆ ಮ್ಯಾಕ್ಸ್‌ವೆಲ್ ಆಂಡರ್ಸನ್ ಮತ್ತು ಆಂಗಸ್ ಮ್ಯಾಕ್‌ಫೇಲ್ ಅವರದು. ಸ್ಟಾರ್ಕ್ ಕ್ಲಬ್, ಕ್ವೀನ್ಸ್‌ನ ಬೀದಿಗಳು, ಆಮೇಲೆ ರೋಸ್ ಸೇರಿದ್ದ ಮನೋರೋಗಿಗಳ ಆಸ್ಪತ್ರೆ ಹೀಗೆ ನಿಜವಾದ ಜಾಗಗಳಿಗೇ ಹೋಗಿ ಹಿಚ್‌ಕಾಕ್ ಬಹಳಷ್ಟು ಚಿತ್ರೀಕರಿಸಿದ. ಶುರುವಿನಲ್ಲೇ ಅವನು ದೊಡ್ಡ ಖಾಲಿ ಸ್ಟುಡಿಯೋದಲ್ಲಿ, ಬೆನ್ನ ಹಿಂದಿನ ಬೆಳಕಲ್ಲಿ ಸಣ್ಣ ಕಪ್ಪು ಆಕಾರವಾಗಿ ನಿಂತು, ಈ ಕಥೆಯ ಪ್ರತಿ ಮಾತೂ ನಿಜ ಅನ್ನುತ್ತಾನೆ. ತನ್ನ ಬೇರೆ ಸಿನಿಮಾಗಳಲ್ಲಿ ಗುಂಪಿನ ಮಧ್ಯೆ ಎಲ್ಲೋ ಒಂದು ಕ್ಷಣ ಸುಳಿದು ಹೋಗುವ ಹಿಚ್‌ಕಾಕ್, ಇಲ್ಲಿ ಆ ಆಟ ಆಡುವುದಿಲ್ಲ. ನೇರವಾಗಿ ನಮ್ಮ ಜೊತೆ ಮಾತಾಡುತ್ತಾನೆ.

‘ಪ್ರತಿ ಮಾತೂ ನಿಜ’ ಅನ್ನುವುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಮ್ಯಾನಿ ನಿರಪರಾಧಿ ಅಂತ ತೋರಿಸುವ ಕೆಲವು ಸಂಗತಿಗಳನ್ನು ಹಿಚ್‌ಕಾಕ್ ಬೇಕಂತಲೇ ಬಿಟ್ಟಿದ್ದಾನೆ, ಉಸಿರು ಕಟ್ಟುವ ಹಾಗಾಗಲಿ ಅಂತ. ಕೊನೆಯಲ್ಲಿ ಬರುವ ಬರಹದಲ್ಲೂ ಒಂದು ತೊಡಕಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ನಿಮ್ಮ ‘ನಾಯರ್ ಹೇಗೆ’ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಮ್ಯಾನಿ ವಿಮಾ ಕಚೇರಿಗೆ ಬರುತ್ತಾನೆ. ಕಪ್ಪು ಓವರ್‌ಕೋಟು, ತಲೆಗೆ ಹ್ಯಾಟು. ಕೌಂಟರಿನ ಮುಂದೆ ಕಂಬಿ. ಆಚೆ ಕಡೆಯಿಂದ ಹೆಂಗಸೊಬ್ಬಳು ತಲೆ ಎತ್ತುತ್ತಾಳೆ. ಅವಳ ಕಣ್ಣಲ್ಲೇ ನಾವೂ ನೋಡುತ್ತೇವೆ. ಮ್ಯಾನಿಯ ಕೈ ನಿಧಾನವಾಗಿ ಕೋಟಿನ ಒಳಜೇಬಿಗೆ ಹೋಗುತ್ತದೆ. ಅವನು ತೆಗೆಯುತ್ತಿರುವುದು ಪಾಲಿಸಿ ಕಾಗದ. ಅದು ನಮಗೆ ಗೊತ್ತು. ಹಿಂದಿನ ದೃಶ್ಯದಲ್ಲಿ ಅವನು ಮನೆಯಲ್ಲಿ ಹೆಂಡತಿ ಜೊತೆ ಮಾತಾಡಿದ್ದನ್ನು ಕೇಳಿದ್ದೇವೆ. ಆದರೆ ಆ ಕೈ ಒಳಗೆ ಹೋದ ಒಂದು ಕ್ಷಣ ನಮಗೂ ಎದೆ ಝಲ್ ಅನ್ನುತ್ತದೆ, ಅಲ್ವಾ? ಅವನು ಯಾರು, ಯಾಕೆ ಬಂದಿದ್ದಾನೆ ಎಲ್ಲ ಗೊತ್ತಿದ್ದೂ ಆ ಹೆಂಗಸಿನ ಭಯ ನಮಗೆ ಅಂಟಿಕೊಳ್ಳುತ್ತದೆ. ಅವಳು ‘ಒಂದು ನಿಮಿಷ’ ಅಂತ ಹೇಳಿ ಒಳಗೆ ಹೋಗುತ್ತಾಳೆ. ಇನ್ನೊಬ್ಬಳ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ. ಆಕೆ ಇವಳ ಹೆಗಲಾಚೆಯಿಂದ ಇಣುಕಿ ನೋಡುತ್ತಾಳೆ. ಮತ್ತೊಬ್ಬಳಿಗೆ ನೋಡಲೂ ಧೈರ್ಯವಿಲ್ಲ. ಕೌಂಟರಿನಲ್ಲಿ ಮ್ಯಾನಿ ತನ್ನ ಪಾಡಿಗೆ ಕಾಯುತ್ತಾ ನಿಂತಿದ್ದಾನೆ. ಆಮೇಲೆ ಆ ಹೆಂಗಸು ವಾಪಸ್ ಬಂದು, ಗಂಟಲು ಒಣಗಿದ್ದರೂ ಮರ್ಯಾದೆಯಿಂದಲೇ ಸಾಲದ ವಿವರ ಹೇಳುತ್ತಾಳೆ. ಅವನು ಥ್ಯಾಂಕ್ಸ್ ಹೇಳಿ ಹೋಗುತ್ತಾನೆ.

ಇಷ್ಟೇ. ಗುಂಡು ಹಾರಲಿಲ್ಲ, ಯಾರೂ ಕಿರುಚಲಿಲ್ಲ. ಆದರೆ ಅವನ ಬದುಕು ಕೆಟ್ಟಿದ್ದು ಆ ಐದು ನಿಮಿಷದಲ್ಲಿ. ಅವನಿಗೆ ಅದರ ಸುಳಿವೂ ಇಲ್ಲ. ಆ ಹೆಂಗಸರು ಕೆಟ್ಟವರಲ್ಲ, ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಹೆದರಿದ್ದಾರೆ. ಎರಡು ಸಲ ಪಿಸ್ತೂಲಿನ ಹೆದರಿಕೆ ತಿಂದವರು ಅವರು. ಹಾಗಾಗಿ ನಾನು ಅವರನ್ನು ದೂರುವುದಿಲ್ಲ. ಹಿಚ್‌ಕಾಕ್ ಕೂಡ ದೂರುವುದಿಲ್ಲ.

ಪೊಲೀಸರೂ ಹಾಗೇ. ನಿಮಗೆ ನೆನಪಿರಬಹುದು, ಠಾಣೆಯಲ್ಲಿ ಯಾರೂ ಅವನ ಮೇಲೆ ಕೈ ಮಾಡುವುದಿಲ್ಲ. ಗದರುವುದೂ ಇಲ್ಲ. ನಿರಪರಾಧಿಗೆ ಹೆದರಿಕೆ ಯಾಕೆ ಅಂತ ಪದೇ ಪದೇ ಸಮಾಧಾನ ಹೇಳುತ್ತಾರೆ. ಮನೆಯವರೆಲ್ಲ ಮ್ಯಾನಿ ಅನ್ನುವವನನ್ನು ಪಾಲಿಸಿಯಲ್ಲಿದ್ದ ಹೆಸರು ನೋಡಿ ‘ಕ್ರಿಸ್’ ಅಂತ ಕರೆಯುತ್ತಾರೆ. ನನಗೆ ಅತಿ ಹೆಚ್ಚು ಚುಚ್ಚುವ ಸಣ್ಣ ವಿಷಯಗಳಲ್ಲಿ ಇದೂ ಒಂದು. ಅವರು ಹುಡುಕುತ್ತಿರುವುದು ಕಾಗದದ ಮೇಲಿನ ಒಬ್ಬ ಮನುಷ್ಯನನ್ನು. ಮುಂದೆ ಕೂತಿರುವವನ ಕರೆಯುವ ಹೆಸರೂ ಅವರಿಗೆ ಗೊತ್ತಿಲ್ಲ. ಹೆಂಡತಿಗೆ ಒಂದು ಮಾತು ಹೇಳಿ ಬರುತ್ತೇನೆ ಅಂದರೆ ಬಿಡುವುದಿಲ್ಲ. ಮನೆಯಲ್ಲಿ ಅವಳು ಊಟಕ್ಕೆ ಕಾಯುತ್ತಿದ್ದಾಳೆ.

ಆಮೇಲೆ ಅವನನ್ನು ಕಳ್ಳತನ ನಡೆದಿದ್ದ ಅಂಗಡಿ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಹೋಗು, ಅಂಗಡಿಯ ತುದಿವರೆಗೆ ನಡೆ, ವಾಪಸ್ ಬಾ. ಅಂಗಡಿಯವರು ಇವನನ್ನು ಕಣ್ಣಿಟ್ಟು ನೋಡುತ್ತಾರೆ. ಒಬ್ಬನೇ ಮನುಷ್ಯನನ್ನು ಹೀಗೆ ತೋರಿಸಿ ‘ಇವನೇನಾ?’ ಅಂದರೆ ನೋಡುವವರ ಮನಸ್ಸಿನಲ್ಲಿ ಏನಾಗುತ್ತದೆ ಹೇಳಿ. ಪೊಲೀಸರು ಕರೆತಂದಿದ್ದಾರೆ ಅಂದ ಮೇಲೆ ಏನೋ ಇರಲೇಬೇಕು ಅನ್ನಿಸುತ್ತದೆ.

ಚೀಟಿಯ ವಿಷಯವೂ ಹಾಗೇ. ಕಳ್ಳ ಬರೆದಿದ್ದ ಚೀಟಿಯ ಮಾತುಗಳನ್ನು ಹೇಳಿ ಮ್ಯಾನಿಯ ಕೈಯಲ್ಲಿ ಬರೆಸುತ್ತಾರೆ. ‘ಡ್ರಾಯರ್’ ಅನ್ನುವ ಕಡೆ ಕಳ್ಳ ಕೊನೆಯ ಅಕ್ಷರಗಳನ್ನು ನುಂಗಿ ‘ಡ್ರಾ’ ಅಂತ ಬರೆದಿದ್ದ. ಮ್ಯಾನಿಯೂ ಗಾಬರಿಯಲ್ಲಿ ಅದೇ ತಪ್ಪು ಮಾಡುತ್ತಾನೆ. ಪೊಲೀಸರಿಗೆ ಅದೇ ದೊಡ್ಡ ಸಾಕ್ಷಿ. ಆದರೆ ನ್ಯೂಯಾರ್ಕಿನ ಹಳೆಯ ಆಡುಮಾತಿನಲ್ಲಿ ಪದದ ಕೊನೆಯ ‘ರ್’ ಬಿದ್ದುಹೋಗುವುದು ಮಾಮೂಲು. ಬಾಯಲ್ಲಿ ಹೇಗೋ ಕೈಯಲ್ಲೂ ಹಾಗೇ ಬರೆಯುವವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದಿರಬೇಕು. ಆ ರಾತ್ರಿ ಆ ಕೋಣೆಯಲ್ಲಿ ಈ ಮಾತು ಯಾರಿಗೂ ಹೊಳೆಯಲಿಲ್ಲ.

ನೀವು ಇಂದಿನ ಸಿನಿಮಾ ನೋಡಿ ಬೆಳೆದವರಾದರೆ ‘ಲಾಯರ್ ಎಲ್ಲಿ?’ ಅಂತ ಕೇಳಬಹುದು. ಇದು 1953. ಠಾಣೆಯಲ್ಲಿ ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕೇಳುವ ಹಕ್ಕಿದೆ ಅಂತ ಆರೋಪಿಗೆ ಮೊದಲೇ ಹೇಳಬೇಕು ಅನ್ನುವ ಅಮೆರಿಕದ ಸುಪ್ರೀಂ ಕೋರ್ಟಿನ ಮಿರಾಂಡಾ ತೀರ್ಪು ಬಂದಿದ್ದು 1966ರಲ್ಲಿ. ದೋಷಾರೋಪ ಹೊರಿಸಿದ ಮೇಲೆ ಮಾಡುವ ಗುರುತು ಪೆರೇಡಿನಲ್ಲಿ ವಕೀಲ ಇರುವುದು ಆರೋಪಿಯ ಹಕ್ಕು ಅಂತ ಅದೇ ಕೋರ್ಟು ವೇಡ್ ಪ್ರಕರಣದಲ್ಲಿ ಹೇಳಿದ್ದು 1967ರಲ್ಲಿ. ಮ್ಯಾನಿಯ ಕಾಲಕ್ಕೆ ಇವೆರಡೂ ಇಲ್ಲ. ಸಾಲಾಗಿ ನಿಲ್ಲಿಸಿದ ಗಂಡಸರಲ್ಲಿ ಒಬ್ಬನಾಗಿ ಅವನು ನಿಲ್ಲುತ್ತಾನೆ. ಆ ಹೆಂಗಸರು ಬಂದು ಬೆರಳು ತೋರಿಸುತ್ತಾರೆ. ಅವರು ಆಗಲೇ ಅವನನ್ನು ಕಚೇರಿಯಲ್ಲಿ ನೋಡಿದ್ದಾರೆ. ಅವರಿಗೆ ಗುರುತು ಸಿಕ್ಕಿದ್ದು ಕಳ್ಳನ ಮುಖವೋ, ಮೊನ್ನೆ ಕೌಂಟರಿಗೆ ಬಂದಿದ್ದ ಮ್ಯಾನಿಯ ಮುಖವೋ? ಒಮ್ಮೆ ಎರಡೂ ಕಲೆತ ಮೇಲೆ ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಇದು ಹಳೆಯ ಕಾಲದ ತಪ್ಪು ಅಂತ ತಳ್ಳಿಹಾಕುವ ಹಾಗಿಲ್ಲ. ಅಮೆರಿಕದಲ್ಲಿ 1989ರಿಂದ ಈಚೆಗೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಗೊತ್ತಾಗಿ ಬಿಡುಗಡೆಯಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಕಣ್ಣಾರೆ ಕಂಡವರ ತಪ್ಪು ಗುರುತು ಸೇರಿತ್ತು. ಅದಕ್ಕೇ ಈಗ ತಿಳಿದವರು ಎರಡು ಮಾತು ಹೇಳುತ್ತಾರೆ. ಪೆರೇಡ್ ನಡೆಸುವ ಅಧಿಕಾರಿಗೆ ಸಾಲಿನಲ್ಲಿ ಶಂಕಿತ ಯಾರು ಅಂತ ಗೊತ್ತಿರಬಾರದು. ‘ತಪ್ಪು ಮಾಡಿದವನು ಈ ಸಾಲಿನಲ್ಲಿ ಇಲ್ಲದೇ ಇರಬಹುದು’ ಅಂತ ಸಾಕ್ಷಿಗೆ ಮೊದಲೇ ಹೇಳಬೇಕು. ಮ್ಯಾನಿಗೆ ಇವೆರಡೇ ಸಿಕ್ಕಿದ್ದರೂ ಕಥೆ ಬೇರೆಯಾಗುತ್ತಿತ್ತೋ ಏನೋ.

ಸರಿ, ನಾಯರ್ ಪ್ರಶ್ನೆಗೆ ಬರೋಣ. ಫ್ರೆಂಚರು 1946ರಲ್ಲಿ ಅಮೆರಿಕದ ಕೆಲವು ಅಪರಾಧದ ಸಿನಿಮಾಗಳಿಗೆ ಇಟ್ಟ ಹೆಸರು ಅದು, ‘ಕಪ್ಪು ಸಿನಿಮಾ’ ಅಂತ ಅರ್ಥ. ನಾಯರ್ ಅಂದ ಕೂಡಲೇ ಮಳೆ ನೆಂದ ಬೀದಿ, ಸಿಗರೇಟಿನ ಹೊಗೆ, ಬಲೆ ಬೀಸುವ ಹೆಣ್ಣು, ಖಾಸಗಿ ಪತ್ತೇದಾರ ಎಲ್ಲ ನೆನಪಾಗುತ್ತವೆ. ನನ್ನ ಪ್ರಕಾರ ಅವೆಲ್ಲ ವೇಷ. ಒಬ್ಬ ಮನುಷ್ಯನ ಸುತ್ತ ಲೋಕ ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಬರುತ್ತದೆ, ಅವನು ಎಷ್ಟು ಕೈಕಾಲು ಆಡಿಸಿದರೂ ಹೊರಗೆ ಬರಲಾಗುವುದಿಲ್ಲ. ನಾಯರ್ ಅಂದರೆ ಅದು. ಬೇರೆ ನಾಯರ್‌ಗಳಲ್ಲಿ ಅವನು ದುಡ್ಡಿಗೋ ಹೆಣ್ಣಿಗೋ ಆಸೆಪಟ್ಟು ಒಂದು ತಪ್ಪು ಹೆಜ್ಜೆಯನ್ನಾದರೂ ಇಟ್ಟಿರುತ್ತಾನೆ. ಮ್ಯಾನಿ ಅದನ್ನೂ ಇಟ್ಟಿಲ್ಲ. ಹೆಂಡತಿಯ ಹಲ್ಲಿಗೆ ಸಾಲ ಕೇಳಲು ಹೋದ, ಅಷ್ಟೇ. ಅದಕ್ಕೇ ಇದು ಬೇರೆಲ್ಲ ನಾಯರ್‌ಗಳಿಗಿಂತ ಕಪ್ಪು.

ಹಿಚ್‌ಕಾಕ್‌ನ ಬೇರೆ ಸಿನಿಮಾಗಳ ಪಕ್ಕ ಇಟ್ಟು ನೋಡಿ. ‘ದಿ 39 ಸ್ಟೆಪ್ಸ್’ (1935), ‘ಸಬಾಟರ್’ (1942), ಮುಂದೆ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959). ಮೂರರಲ್ಲೂ ಮಾಡದ ತಪ್ಪಿಗೆ ಸಿಕ್ಕಿಬಿದ್ದ ಮನುಷ್ಯನೇ ನಾಯಕ. ಆದರೆ ಅವರೆಲ್ಲ ಓಡುತ್ತಾರೆ. ರೈಲು ಹತ್ತುತ್ತಾರೆ, ಹುಡುಗಿ ಸಿಗುತ್ತಾಳೆ, ಚಮತ್ಕಾರದ ಮಾತಾಡುತ್ತಾರೆ, ಕಳ್ಳನನ್ನು ತಾವೇ ಹಿಡಿಯುತ್ತಾರೆ. ನಮಗೂ ಅದು ಮಜಾ. ಮ್ಯಾನಿ ಓಡುವುದಿಲ್ಲ. ಎಲ್ಲಿಗೆ ಓಡುತ್ತಾನೆ? ಮನೆಯಲ್ಲಿ ಮಕ್ಕಳಿದ್ದಾರೆ. ಕೂರು ಅಂದರೆ ಕೂರುತ್ತಾನೆ, ಬರಿ ಅಂದರೆ ಬರೆಯುತ್ತಾನೆ, ಜೇಬು ಖಾಲಿ ಮಾಡು ಅಂದರೆ ಮಾಡುತ್ತಾನೆ. ಜೇಬಿನಿಂದ ಜಪಮಾಲೆಯೂ ಬರುತ್ತದೆ. ಬೆರಳಚ್ಚು ತೆಗೆದ ಮೇಲೆ ಮಸಿ ಮೆತ್ತಿದ ತನ್ನ ಬೆರಳುಗಳನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾನೆ. ಮ್ಯಾನಿಯ ಪಾತ್ರ ಮಾಡಿದ ಹೆನ್ರಿ ಫೋಂಡಾ ಅಲ್ಲಿ ಏನೂ ‘ನಟಿಸುವುದಿಲ್ಲ’. ಕಣ್ಣು ಅಗಲವಾಗಿ ತೆರೆದಿರುತ್ತವೆ, ಅಷ್ಟೇ. ಇದೇ ಫೋಂಡಾ ಮರುವರ್ಷ ‘12 ಆಂಗ್ರಿ ಮೆನ್’ನಲ್ಲಿ ಜ್ಯೂರಿಯಾಗಿ, ಅಂದರೆ ತೀರ್ಪು ಹೇಳಲು ಆರಿಸಿದ ಹನ್ನೆರಡು ಸಾಮಾನ್ಯ ಜನರಲ್ಲಿ ಒಬ್ಬನಾಗಿ ಕೂತು, ಇನ್ನೊಬ್ಬ ಹುಡುಗನ ಜೀವ ಉಳಿಸಲು ಹನ್ನೊಂದು ಜನರ ಜೊತೆ ವಾದ ಮಾಡುತ್ತಾನೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಮ್ಯಾನಿಗೆ ಅಂಥ ಒಬ್ಬ ಜ್ಯೂರಿ ಸಿಗಬಾರದಿತ್ತೇ ಅಂತ ಸಂಕಟವಾಗುತ್ತದೆ.

ಸೆಲ್ಲಿನ ದೃಶ್ಯದಲ್ಲಿ ಕ್ಯಾಮೆರಾ ಮ್ಯಾನಿಯ ಮುಖದ ಸುತ್ತ ಗಿರಗಿರ ತಿರುಗುತ್ತದೆ, ಜೋರಾಗುತ್ತಾ ಹೋಗುತ್ತದೆ. ಅದೊಂದನ್ನು ಬಿಟ್ಟರೆ ಹಿಚ್‌ಕಾಕ್ ಇಲ್ಲಿ ತನ್ನ ಕೈಚಳಕ ಜಾಸ್ತಿ ತೋರಿಸುವುದಿಲ್ಲ. ಬೇಡಿ ಹಾಕಿ ವ್ಯಾನಿಗೆ ಹತ್ತಿಸುವಾಗ ಮ್ಯಾನಿ ತಲೆ ಎತ್ತುವುದಿಲ್ಲ. ನಾಚಿಕೆ. ಆದ್ದರಿಂದ ನಮಗೂ ಉಳಿದವರ ಮುಖ ಕಾಣುವುದಿಲ್ಲ, ಬೂಟುಗಳು ಮಾತ್ರ ಕಾಣುತ್ತವೆ. ರಾಬರ್ಟ್ ಬರ್ಕ್ಸ್‌ನ ಛಾಯಾಗ್ರಹಣ ಎಲ್ಲೂ ಚಂದ ಕಾಣಿಸಲು ಹೋಗುವುದಿಲ್ಲ. ಬರ್ನಾರ್ಡ್ ಹೆರ್ಮನ್‌ನ ಸಂಗೀತವನ್ನೂ ಕಿವಿಗೊಟ್ಟು ಕೇಳಿ. ಬೇಸ್ ತಂತಿಯನ್ನು ಬೆರಳಲ್ಲಿ ಮೀಟುವ ದಪ್ಪ ಸದ್ದು ಮತ್ತೆ ಮತ್ತೆ ಬರುತ್ತದೆ. ಅದು ಮ್ಯಾನಿಯ ವಾದ್ಯ. ಅನ್ನ ಕೊಡುತ್ತಿದ್ದ ಸದ್ದೇ ಅವನನ್ನು ಬೆನ್ನಟ್ಟಿದ ಹಾಗಿದೆ.

ಪೊಲೀಸರೆಂದರೆ ಹಿಚ್‌ಕಾಕ್‌ಗೆ ಮೊದಲಿಂದಲೂ ಭಯ. ಚಿಕ್ಕವನಿದ್ದಾಗ ಅಪ್ಪ ಒಂದು ಚೀಟಿ ಕೊಟ್ಟು ಠಾಣೆಗೆ ಕಳಿಸಿದ್ದರು, ಅಲ್ಲಿನವರು ಅದನ್ನು ಓದಿ ಕೆಲವು ನಿಮಿಷ ಸೆಲ್ಲಿನಲ್ಲಿ ಕೂಡಿಹಾಕಿದ್ದರು ಅಂತ ಅವನು ಜೀವನವಿಡೀ ಹೇಳುತ್ತಿದ್ದ. ಸೆಲ್ಲಿನ ಬಾಗಿಲು ಮುಚ್ಚುವ ಸದ್ದಿಗೆ ಈ ಸಿನಿಮಾದಲ್ಲಿ ಅಷ್ಟು ತೂಕ ಯಾಕೆ ಅನ್ನುವುದು ಆ ಕಥೆ ಗೊತ್ತಿದ್ದವರಿಗೆ ಅರ್ಥವಾಗುತ್ತದೆ.

ಈಗ ನಿಮ್ಮ ಮನಸ್ಸು ಯಾಕೆ ಭಾರವಾಯಿತು ಅನ್ನುವುದಕ್ಕೆ ಬರುತ್ತೇನೆ. ಅದಕ್ಕೆ ಕಾರಣ ರೋಸ್.

ಜಾಮೀನಿನ ಮೇಲೆ ಮ್ಯಾನಿ ಹೊರಗೆ ಬಂದ ಮೇಲೆ ಇಬ್ಬರೂ ಸಾಕ್ಷಿ ಹುಡುಕಿಕೊಂಡು ಅಲೆಯುತ್ತಾರೆ. ಮೊದಲ ಕಳ್ಳತನದ ದಿನ ಅವರು ಊರಾಚೆ ರಜೆಗೆ ಹೋಗಿದ್ದರು. ಮಳೆ ಅಂತ ಒಳಗೆ ಕೂತು ಇಸ್ಪೀಟ್ ಆಡಿದ್ದರು. ಜೊತೆಗೆ ಆಡಿದವರು ಸಿಕ್ಕರೆ ಸಾಕು. ಹೋಗಿ ವಿಚಾರಿಸಿದರೆ ಒಬ್ಬ ತೀರಿಹೋಗಿದ್ದಾನೆ. ಇನ್ನೊಬ್ಬನ ಮನೆ ಬಾಗಿಲು ತಟ್ಟಿದರೆ ಅವನೂ ತೀರಿಹೋಗಿದ್ದಾನೆ. ಆಗ ರೋಸ್ ನಗುತ್ತಾಳೆ. ಸಂತೋಷದ ನಗು ಅಲ್ಲ ಅದು. ಒಳಗೆ ಏನೋ ಕಿತ್ತುಹೋದ ಸದ್ದು.

ಮುಂದಿನ ಸಲ ವಕೀಲರ ಕಚೇರಿಯಲ್ಲಿ ಗಮನಿಸಿ. ವಕೀಲ ಫ್ರ್ಯಾಂಕ್ ಓಕಾನರ್ ಪಾತ್ರದಲ್ಲಿ ಆಂಥೊನಿ ಕ್ವೇಲ್ ಇದ್ದಾನೆ. ನಿಜಜೀವನದ ಓಕಾನರ್ ಮುಂದೆ ಕ್ವೀನ್ಸ್‌ನ ಜಿಲ್ಲಾ ಸರ್ಕಾರಿ ವಕೀಲನಾದ, 1966ರಲ್ಲಿ ನ್ಯೂಯಾರ್ಕ್ ಗವರ್ನರ್ ಚುನಾವಣೆಗೂ ನಿಂತ. ಆ ದೃಶ್ಯದಲ್ಲಿ ಮ್ಯಾನಿ ತನ್ನ ಕೇಸಿನ ಬಗ್ಗೆ ಏನೋ ಹೇಳುತ್ತಿರುತ್ತಾನೆ. ವಕೀಲ ಕೇಳುತ್ತಿದ್ದಾನೆ, ಆದರೆ ಅವನ ಕಣ್ಣು ಮೆಲ್ಲಗೆ ರೋಸ್ ಕಡೆ ಹೋಗುತ್ತದೆ. ರೋಸ್ ಅಲ್ಲಿ ಕೂತಿದ್ದಾಳೆ, ಆದರೆ ಅಲ್ಲಿಲ್ಲ. ಗಂಡನಿಗಿಂತ ಮೊದಲು ಪರಕೀಯನೊಬ್ಬನಿಗೆ ಅದು ಗೊತ್ತಾಗುತ್ತದೆ. ಮ್ಯಾನಿ ತನ್ನ ಕೇಸಿನಲ್ಲೇ ಮುಳುಗಿಹೋಗಿದ್ದಾನೆ. ಪಾಪ, ಅವನನ್ನೂ ದೂರುವ ಹಾಗಿಲ್ಲ.

ರೋಸ್‌ನ ತಲೆಯಲ್ಲಿ ಓಡುತ್ತಿರುವ ಲೆಕ್ಕ ಇದು: ನನ್ನ ಹಲ್ಲು ನೋಯದಿದ್ದರೆ ದುಡ್ಡು ಬೇಕಿರಲಿಲ್ಲ. ದುಡ್ಡು ಬೇಡದಿದ್ದರೆ ಅವರು ಆ ಕಚೇರಿಗೆ ಹೋಗುತ್ತಿರಲಿಲ್ಲ. ಇದಕ್ಕೆಲ್ಲ ನಾನೇ ಕಾರಣ. ಹೀಗೆ ಯೋಚಿಸುವ ಹೆಂಗಸರನ್ನು ನಾವು ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಮನೆಗೆ ಏನೇ ಕೆಟ್ಟದ್ದಾದರೂ ಅದರ ಬೇರನ್ನು ತಮ್ಮಲ್ಲೇ ಹುಡುಕಿಕೊಳ್ಳುವವರು. ರೋಸ್ ಪಾತ್ರದ ವೆರಾ ಮೈಲ್ಸ್ ಇದನ್ನು ಎಷ್ಟು ತಗ್ಗಿದ ದನಿಯಲ್ಲಿ ಮಾಡಿದ್ದಾಳೆ ಅಂದರೆ, ಆ ರಾತ್ರಿಯ ದೃಶ್ಯ ಬಂದಾಗ ಬೆಚ್ಚಿಬೀಳುತ್ತೇವೆ. ಮಲಗುವ ಕೋಣೆ, ಒಂದೇ ದೀಪ. ಮ್ಯಾನಿ ಸಮಾಧಾನ ಮಾಡಲು ಹತ್ತಿರ ಬರುತ್ತಾನೆ. ಅವಳು ಹೇರ್ ಬ್ರಷ್ ಎತ್ತಿ ಹೊಡೆಯುತ್ತಾಳೆ. ಕನ್ನಡಿ ಒಡೆಯುತ್ತದೆ. ಒಡೆದ ಕನ್ನಡಿಯಲ್ಲಿ ಮ್ಯಾನಿಯ ಮುಖ ಸೀಳಿಹೋಗಿರುತ್ತದೆ. ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ.

ಹಿಚ್‌ಕಾಕ್‌ಗೇ ಈ ಭಾಗ ಸಮಾಧಾನ ಕೊಡಲಿಲ್ಲ. ಕಥೆ ಹೆಂಡತಿಯ ಕಡೆ ತಿರುಗಿದ್ದರಿಂದ ಗಂಡನ ಕೇಸಿನ ಬಿಗಿ ಸಡಿಲವಾಯಿತು ಅಂತ ಅವನು ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಜೊತೆಗಿನ ಸಂದರ್ಶನದಲ್ಲಿ ಒಪ್ಪಿಕೊಂಡ. ಇದನ್ನು ತನ್ನ ಸಾಧಾರಣ ಸಿನಿಮಾಗಳ ಸಾಲಿಗೆ ಸೇರಿಸಿಬಿಡಿ ಅನ್ನುವಂತೆ ಮಾತಾಡಿದ. ಹಿಚ್‌ಕಾಕ್ ಮೇಲೆ ನನಗೆ ಎಷ್ಟೇ ಗೌರವ ಇದ್ದರೂ ಈ ಮಾತನ್ನು ಒಪ್ಪುವುದಿಲ್ಲ. ರೋಸ್ ಇಲ್ಲದಿದ್ದರೆ ಇದು ‘ತಪ್ಪಾಗಿತ್ತು, ಸರಿಹೋಯಿತು’ ಅನ್ನುವ ಪತ್ರಿಕಾ ವರದಿಯಾಗುತ್ತಿತ್ತು. ಅನುಮಾನ ಒಬ್ಬನ ಮೇಲೆ ಬಿದ್ದರೂ ಮನೆಯವರೆಲ್ಲ ಅದನ್ನು ಹೊರಬೇಕು, ಅವರಲ್ಲಿ ಯಾರಿಗೆ ಶಕ್ತಿ ಕಡಿಮೆಯೋ ಅವರು ಮೊದಲು ಕುಸಿಯುತ್ತಾರೆ ಅಂತ ಈ ಸಿನಿಮಾ ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾವ ಅಪರಾಧದ ಸಿನಿಮಾವೂ ನನಗೆ ತೋರಿಸಿಲ್ಲ.

ಕೋರ್ಟಿನ ವಿಷಯ ಬೇಗ ಮುಗಿಸುತ್ತೇನೆ, ಸಿನಿಮಾವೂ ಬೇಗ ಮುಗಿಸುತ್ತದೆ. ಓಕಾನರ್ ಸಾಕ್ಷಿಯನ್ನು ಪೆರೇಡಿನ ಬಗ್ಗೆ ಸೂಕ್ಷ್ಮವಾಗಿ ಪ್ರಶ್ನೆ ಮಾಡುತ್ತಿದ್ದಾಗ ಜ್ಯೂರಿಯೊಬ್ಬ ಎದ್ದು ನಿಂತು, ನಾವು ಇದನ್ನೆಲ್ಲ ಕೇಳಬೇಕಾ ಅಂತ ನ್ಯಾಯಾಧೀಶರನ್ನು ಕೇಳುತ್ತಾನೆ. ನಿಜವಾಗಿಯೂ ನಡೆದ ಘಟನೆ ಇದು. ವಿಚಾರಣೆ ಮುಗಿಯುವ ಮೊದಲೇ ಅವನ ಮನಸ್ಸಿನಲ್ಲಿ ತೀರ್ಪು ಆಗಿಹೋಗಿದೆ ಅಂತ ಅರ್ಥ. ವಿಚಾರಣೆ ರದ್ದು. ಮತ್ತೆ ಮೊದಲಿಂದ. ಆ ಕ್ಷಣ ಮ್ಯಾನಿಗೆ ಸಿಕ್ಕಿದ್ದು ಬಿಡುಗಡೆ ಅಲ್ಲ, ಇನ್ನಷ್ಟು ಕಾಯುವ ಶಿಕ್ಷೆ.

ಇನ್ನು ಪ್ರಾರ್ಥನೆ. ಅಮ್ಮ ಪ್ರಾರ್ಥನೆ ಮಾಡು ಅನ್ನುತ್ತಾಳೆ. ಮ್ಯಾನಿ ಗೋಡೆಯ ಮೇಲಿನ ಯೇಸುವಿನ ಚಿತ್ರ ನೋಡುತ್ತಾನೆ, ತುಟಿ ಅಲುಗುತ್ತದೆ. ಅವನ ಮುಖದ ಮೇಲೆ ರಾತ್ರಿಯ ಬೀದಿ ಮೂಡುತ್ತದೆ. ದೂರದಿಂದ ಒಬ್ಬ ಮನುಷ್ಯ ನಡೆದು ಬರುತ್ತಾನೆ. ಕೋಟು, ಹ್ಯಾಟು. ಹತ್ತಿರ ಬರುತ್ತಾ ಬರುತ್ತಾ ಅವನ ಮುಖ ಮ್ಯಾನಿಯ ಮುಖದ ಮೇಲೆ ಸರಿಯಾಗಿ ಕೂರುತ್ತದೆ. ಇವನೇ ನಿಜವಾದ ಕಳ್ಳ. ಒಂದು ಅಂಗಡಿಗೆ ನುಗ್ಗುತ್ತಾನೆ. ಅಂಗಡಿಯಾಕೆ ಹೆದರದೆ ನೆಲಕ್ಕೆ ಕಾಲು ಬಡಿದು ಕೆಳಗಿದ್ದ ಗಂಡನನ್ನು ಕರೆಯುತ್ತಾಳೆ. ಸಿಕ್ಕಿಬೀಳುತ್ತಾನೆ.

ಪವಾಡವೇ ಅಂತ ನೀವು ಕೇಳಿದ್ದೀರಿ. ಹಿಚ್‌ಕಾಕ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು, ಮ್ಯಾನಿಯೂ ಭಕ್ತ. ಹಾಗಾಗಿ ಪವಾಡ ಅಂತ ತಿಳಿದರೆ ತಪ್ಪೇನಿಲ್ಲ. ಆದರೆ ಆ ಕಳ್ಳ ಸಿಕ್ಕಿಬಿದ್ದಾಗ ಏನು ಹೇಳುತ್ತಾನೆ ಕೇಳಿ. ನನ್ನನ್ನು ಬಿಟ್ಟುಬಿಡಿ, ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆ ಅಂತ ಬೇಡಿಕೊಳ್ಳುತ್ತಾನೆ. ಮ್ಯಾನಿಗೂ ಆ ಸಂಜೆ ಇದ್ದದ್ದು ಅದೇ ಚಿಂತೆ. ಎರಡು ಮುಖ ಒಂದಾಗುವ ಆ ಚಿತ್ರ ಹೋಲಿಕೆಯನ್ನಷ್ಟೇ ತೋರಿಸುತ್ತಿಲ್ಲ. ಆಚೆ ಮುಖದ ಹಿಂದೆಯೂ ಒಂದು ಸಂಸಾರ ಇದೆ ಅಂತ ಹೇಳುತ್ತಿದೆ. ನಾನು ಆ ದೃಶ್ಯವನ್ನು ಓದಿಕೊಳ್ಳುವುದು ಹಾಗೆ.

ಇನ್ನೊಂದು ಮಾತು. ಕಳ್ಳನನ್ನು ಠಾಣೆಗೆ ತಂದ ರಾತ್ರಿ, ಮ್ಯಾನಿಯನ್ನು ಹಿಡಿದಿದ್ದ ಪತ್ತೇದಾರರಲ್ಲಿ ಒಬ್ಬ ಅವನನ್ನು ದಾಟಿಕೊಂಡು ಹೋಗುತ್ತಾನೆ. ಮುಂದೆ ಹೋಗಿ ನಿಲ್ಲುತ್ತಾನೆ. ಎಲ್ಲೋ ನೋಡಿದ ಮುಖ. ಅವನು ಹಾಗೆ ನಿಲ್ಲದೇ ಹೋಗಿದ್ದರೆ ಪ್ರಾರ್ಥನೆ ಏನು ಮಾಡುತ್ತಿತ್ತು? ಪವಾಡ ಎಲ್ಲಾದರೂ ಇದ್ದರೆ, ದಣಿದ ಮನುಷ್ಯನೊಬ್ಬ ಮನೆಗೆ ಹೋಗುವ ದಾರಿಯಲ್ಲಿ ನಿಂತು ಒಂದು ಕ್ಷಣ ಯೋಚಿಸಿದ್ದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಠಾಣೆಯಲ್ಲಿ ಮ್ಯಾನಿ ಮತ್ತು ಕಳ್ಳ ಎದುರಾಗುತ್ತಾರೆ. ನನ್ನ ಹೆಂಡತಿಗೆ ಏನು ಮಾಡಿದ್ದೀಯ ಗೊತ್ತಾ ಅಂತ ಮ್ಯಾನಿ ಕೇಳುತ್ತಾನೆ. ತನಗೆ ಏನಾಯಿತು ಅಂತಲ್ಲ, ಹೆಂಡತಿಗೆ ಏನಾಯಿತು ಅಂತ. ಆ ವಿಮಾ ಕಚೇರಿಯ ಹೆಂಗಸರು ಕಳ್ಳನನ್ನು ಗುರುತಿಸಿ ಹೊರಗೆ ಬರುವಾಗ ಮ್ಯಾನಿಯ ಕಣ್ಣಿಗೆ ಕಣ್ಣು ಕೊಡಲಾರದೆ ಹೋಗುತ್ತಾರೆ.

ಆಮೇಲೆ ಆಸ್ಪತ್ರೆ. ಎಲ್ಲ ಮುಗಿಯಿತು ರೋಸ್, ನಿಜವಾದವನು ಸಿಕ್ಕ ಅಂತ ಮ್ಯಾನಿ ಹೇಳುತ್ತಾನೆ. ನಿಮಗೆ ಒಳ್ಳೆಯದಾಯಿತು ಅನ್ನುತ್ತಾಳೆ ಅವಳು. ದನಿಯಲ್ಲಿ ಏನೂ ಇಲ್ಲ. ಪವಾಡ ಆಗುತ್ತದೇನೋ ಅಂತ ಆಸೆಪಟ್ಟಿದ್ದೆ ಅನ್ನುತ್ತಾನೆ ಮ್ಯಾನಿ. ಆಗುತ್ತವೆ, ಆದರೆ ಸಮಯ ಬೇಕು ಅಂತ ನರ್ಸ್ ಹೇಳುತ್ತಾಳೆ. ನೀವು ಪ್ರಶ್ನೆಯಲ್ಲಿ ಬರೆದ ‘ಪವಾಡ’ ಅನ್ನುವ ಪದ ಸಿನಿಮಾದೊಳಗೆ ಬಾಯಿಬಿಟ್ಟು ಬರುವುದು ಇಲ್ಲೇ. ಕಳ್ಳ ಸಿಕ್ಕಿದ್ದು ಮ್ಯಾನಿ ಕೇಳಿಕೊಂಡ ಅರ್ಧ ಮಾತ್ರ. ಉಳಿದರ್ಧ ಅಲ್ಲಿ ಕುರ್ಚಿಯ ಮೇಲೆ ಕೂತಿದೆ.

ಕೊನೆಗೆ ಒಂದು ಬರಹ ಬರುತ್ತದೆ. ಎರಡು ವರ್ಷದ ನಂತರ ರೋಸ್ ಪೂರ್ತಿ ಗುಣವಾಗಿ ಹೊರಬಂದಳು, ಈಗ ಕುಟುಂಬ ಫ್ಲಾರಿಡಾದಲ್ಲಿ ಚೆನ್ನಾಗಿದೆ ಅಂತ. ತೊಡಕಿದೆ ಅಂದಿದ್ದು ಇದನ್ನೇ. ಕುಟುಂಬ ಫ್ಲಾರಿಡಾಕ್ಕೆ ಹೋಗಿದ್ದು ನಿಜ. ರೋಸ್ ಪೂರ್ತಿ ಗುಣವಾದಳು ಅನ್ನುವುದು ನಿಜವಲ್ಲ. ಅವಳು ಮೊದಲಿನ ಹಾಗೆ ಆಗಲೇ ಇಲ್ಲ ಅಂತ ಮನೆಯವರೇ ಆಮೇಲೆ ಹೇಳಿದ್ದಾರೆ. ಮ್ಯಾನಿ ನಗರದ ಮೇಲೆ ಪರಿಹಾರಕ್ಕೆ ದಾವೆ ಹೂಡಿ, ಕೊನೆಗೆ ಕೇಳಿದ್ದರಲ್ಲಿ ತೀರಾ ಸಣ್ಣ ಮೊತ್ತಕ್ಕೆ ರಾಜಿ ಮಾಡಿಕೊಂಡ. ಅವನು ತೀರಿಕೊಂಡಿದ್ದು 1998ರಲ್ಲಿ. 2014ರಲ್ಲಿ ಜಾಕ್ಸನ್ ಹೈಟ್ಸ್‌ನ ಅವನ ಹಳೆಯ ಮನೆಯ ಹತ್ತಿರದ ಬೀದಿಯ ಮೂಲೆಗೆ ಅವನ ಹೆಸರಿಟ್ಟರು. ಫಲಕದ ಮೇಲೆ ‘ದಿ ರಾಂಗ್ ಮ್ಯಾನ್’ ಅನ್ನುವ ಮಾತೂ ಅವನ ಹೆಸರಿನ ನಡುವೆ ಸೇರಿಕೊಂಡಿದೆ.

ಆ ಬರಹ ಬರುವಾಗ ನೀವು ನಂಬಲಿಲ್ಲ ಅಂತ ಕಾಣುತ್ತದೆ. ಅದಕ್ಕೇ ಎರಡು ದಿನ ಮನಸ್ಸು ಭಾರವಾಗಿದ್ದು. ಸಿನಿಮಾವನ್ನು ಇನ್ನೊಮ್ಮೆ ನೋಡುವುದಾದರೆ ಶುರುವಿನ ಹತ್ತು ನಿಮಿಷ ಬಿಡಬೇಡಿ. ಬೆಳಗಿನ ಜಾವ ಮ್ಯಾನಿ ಮನೆಗೆ ಬರುತ್ತಾನೆ. ಹಲ್ಲುನೋವಿನಿಂದ ರೋಸ್‌ಗೆ ನಿದ್ದೆ ಬಂದಿಲ್ಲ. ದುಡ್ಡಿನ ಮಾತಾಡುತ್ತಾರೆ. ಸ್ವಲ್ಪ ತಲೆ ಎತ್ತಿದೆವು ಅನ್ನುವಷ್ಟರಲ್ಲಿ ಏನಾದರೂ ಬಂದು ಮತ್ತೆ ಕೆಳಗೆ ಕೆಡವುತ್ತದೆ ಅನ್ನುತ್ತಾಳೆ ಅವಳು. ನಾವು ಅದೃಷ್ಟವಂತರೇ ಅಂತ ಮ್ಯಾನಿ ಸಮಾಧಾನ ಮಾಡುತ್ತಾನೆ. ಮೊದಲ ಸಲ ನೋಡುವಾಗ ಅದು ಸುಮ್ನೆ ಗಂಡ ಹೆಂಡಿರ ಮಾತು. ಎರಡನೇ ಸಲ ಅವನ ಮುಖ ನೋಡಬೇಡಿ, ಅವಳ ಮುಖ ನೋಡಿ.